ಅಗಲದ ಪಟ್ಟಿ, ಗಿಡ್ಡ ಮಿಷನ್ನು

ಮೊನ್ನೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ನಾನು ಗೋಡೆಯ ಜೊತೆ ಜಗಳವಾಡಿದೆ. ನಗಬೇಡಿ. ಆ ಗೋಡೆಗೆ ಯಾರೋ ಪುಣ್ಯಾತ್ಮರು ಬಸ್ಸು ಹೊರಡುವ ವೇಳೆಯ ಪಟ್ಟಿಯನ್ನು ಅಂಟಿಸಿದ್ದರು. ಪಟ್ಟಿ ಅಗಲವಾಗಿತ್ತು, ಕಾಗದ ಸಣ್ಣದಾಗಿತ್ತು. ಅದಕ್ಕೆ ಊರುಗಳ ಹೆಸರನ್ನು ಒಂದು ಹಾಳೆಯಲ್ಲಿ, ವೇಳೆಯನ್ನು ಇನ್ನೊಂದು ಹಾಳೆಯಲ್ಲಿ ಬರೆದು, ಎರಡನ್ನೂ ಅಕ್ಕಪಕ್ಕ ಮೈದಾ ಅಂಟಿನಲ್ಲಿ ಮೆತ್ತಿದ್ದರು. ಮೆತ್ತುವಾಗ ಬಲಗಡೆಯ ಹಾಳೆ ಒಂದು ಗೆರೆಯಷ್ಟು ಮೇಲಕ್ಕೆ ಸರಿದಿತ್ತು. ಸರಿ, ಹನೂರಿನ ಬಸ್ಸಿಗೆ ಯಳಂದೂರಿನ ವೇಳೆ, ಯಳಂದೂರಿನ ಬಸ್ಸಿಗೆ ಇನ್ಯಾವುದೋ ಊರಿನ ವೇಳೆ. ನಾನು ಹನೂರಿನ ದಾರಿಯಲ್ಲಿರುವ ಕಾಮಗೆರೆಗೆ ಹೋಗಬೇಕಾಗಿತ್ತು. ಪಟ್ಟಿಯನ್ನು ನಂಬಿ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಹನೂರಿನ ಬಸ್ಸು ಧೂಳೆಬ್ಬಿಸಿಕೊಂಡು ಹೋಗಿಯಾಗಿತ್ತು.

"ಯಾವನಯ್ಯಾ ಇದನ್ನ ಅಂಟಿಸಿದ್ದು? ಕಣ್ಣು ಎಲ್ಲಿಟ್ಟುಕೊಂಡಿದ್ದ?" ಎಂದು ನಾನು ಜೋರಾಗಿಯೇ ಕೇಳಿದೆ. ಗೋಡೆ ಉತ್ತರ ಕೊಡಲಿಲ್ಲ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ತಲೆಯೆತ್ತಿ, "ಯಾಕವ್ವಾ ಗ್ವಾಡೆ ಬೈತಾ ನಿಂತಿದ್ದೀಯೆ? ಅದೇನ್ ಮಾಡ್ತು ನಿಂಗೆ, ಪಾಪ" ಎಂದಳು. ಅವಳಿಗೆ ಏನೆಂದು ಹೇಳುವುದು? ಪಟ್ಟಿ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದರಲ್ಲೂ ಎರಡು ಹಾಳೆಗೆ ಸೀಳಿದ ಪಟ್ಟಿಯನ್ನು ಕಂಡರೆ ನಾನು ನಾನಾಗಿರುವುದಿಲ್ಲ. ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು, "ಇಷ್ಟು ಸಣ್ಣದಕ್ಕೆ ಇಷ್ಟು ಸಿಟ್ಟೇ?" ಎಂದರು. ಸಣ್ಣದಂತೆ! ಕೇಳಿ, ನೀವೇ ಹೇಳಿ ಸಣ್ಣದೋ ದೊಡ್ಡದೋ ಎಂದು.

ನಾನು ಮಧುವನಹಳ್ಳಿಯವಳು. ನನಗೆ ಗೆರೆಯ ಹುಚ್ಚು ಹತ್ತಿಸಿದವಳು ನನ್ನ ಅವ್ವ. ಬೆಳಿಗ್ಗೆ ಅಂಗಳ ಸಾರಿಸಿ ರಂಗೋಲಿ ಇಡುವಾಗ ನಾನು ಎಳೆ ಎಳೆಯಲು ಅವಸರ ಮಾಡಿದರೆ ಅವಳ ಕೈ ನನ್ನ ತಲೆಯ ಮೇಲೆ ಬೀಳುತ್ತಿತ್ತು. "ಮೊದ್ಲು ಚುಕ್ಕಿ ಇಡು ಮೂದೇವಿ! ಎಲ್ಲೆಲ್ಲಿ ಖಾಲಿ ಬಿಡಬೇಕು ಅಂತ ಗೊತ್ತಿಲ್ದೆ ಗೆರೆ ಎಳೀತಾಳೆ!" ಅವ್ವನ ರಂಗೋಲಿಯ ಹಿಟ್ಟಿನಲ್ಲಿ ಅರ್ಧ ಅಕ್ಕಿ, ಅರ್ಧ ಸುಣ್ಣಕಲ್ಲಿನ ಪುಡಿ. ಇರುವೆಗಳು ಅಕ್ಕಿಯನ್ನು ಆರಿಸಿಕೊಂಡು ಹೋದ ಮೇಲೂ ಸುಣ್ಣದ ಗೆರೆ ಸಂಜೆಯವರೆಗೆ ನೆಟ್ಟಗೆ ನಿಂತಿರುತ್ತಿತ್ತು. ಅದನ್ನು ತುಳಿದುಕೊಂಡು ಬಂದವರಿಗೆ ಆ ದಿನ ನೀರೂ ಹುಟ್ಟುತ್ತಿರಲಿಲ್ಲ. ನನ್ನ ಅಪ್ಪ ಹಿತ್ತಿಲ ಬಾಗಿಲಿನಿಂದಲೇ ಓಡಾಡುತ್ತಿದ್ದರು.

ಮುಂದೆ ಕೊಳ್ಳೇಗಾಲದ ಒಂದು ಮಹಡಿಯ ಮೇಲೆ ಟೈಪು ಕಲಿತೆ. ಕಲಿತ ಹೊಸದರಲ್ಲಿ ನನಗಿದ್ದ ಜಂಬವನ್ನು ನೆನೆಸಿಕೊಂಡರೆ ಈಗ ನನಗೇ ನಗು ಬರುತ್ತದೆ. ಊಟಕ್ಕೆ ಕೂತರೆ ಎಲೆಯ ಅಂಚಿನ ಮೇಲೆ ಬೆರಳಾಡಿಸುತ್ತಿದ್ದೆ. ನೆಂಟರು ಬಂದರೆ ಬೇಕೆಂದೇ ಬೆರಳಿನ ನೆಟಿಗೆ ಮುರಿಯುತ್ತಿದ್ದೆ, ಏನು ಕೆಲಸ ಎಂದು ಅವರು ಕೇಳಲಿ ಎಂದು. ಆಮೇಲೆ ನೇಕಾರರ ಬೀದಿಯ ರೇಷ್ಮೆ ಸೀರೆ ಸಂಘದಲ್ಲಿ ನನಗೆ ಕೆಲಸವಾಯಿತು. ಬೀದಿಯವರೆಲ್ಲ ನನ್ನನ್ನು 'ಟೈಪು ಗೌರಮ್ಮ' ಎಂದು ಕರೆಯತೊಡಗಿದರು. ಆ ಹೆಸರು ಇಂದಿಗೂ ಇದೆ.

ಸಂಘದ ಆಫೀಸು ಬಾಡಿಗೆ ಮನೆಯಲ್ಲಿತ್ತು. ಕಿಟಕಿಯ ಎದುರಿಗೇ, ಬೀದಿಯ ಆಚೆ ಬದಿಗೆ ರಂಗಯ್ಯಣ್ಣನ ಜಗಲಿ. ರಂಗಯ್ಯಣ್ಣ ನೇಕಾರರು, ಅವರ ಹೆಂಡತಿ ರಾಜಮ್ಮ ನೂಲು ಸುತ್ತುತ್ತಿದ್ದರು. ಬೆಳಿಗ್ಗೆ ಮಗ್ಗಕ್ಕೆ ಕೂರುವ ಮುಂಚೆ ರಂಗಯ್ಯಣ್ಣ ಜಗಲಿಯ ಮೇಲೆ ಪೇಪರು ಹಿಡಿದು ಗಟ್ಟಿಯಾಗಿ ಓದುತ್ತಿದ್ದರು. ಬೀದಿಯ ಅರ್ಧ ಜನ ಅಲ್ಲಿ ಸೇರುತ್ತಿದ್ದರು. ರಾಜಕೀಯವೂ ಒಂದೇ ಸ್ವರ, ಎಮ್ಮೆ ಕಳೆದುಹೋದ ಜಾಹೀರಾತೂ ಒಂದೇ ಸ್ವರ, ಟೆಂಡರು ನೋಟಿಸನ್ನೂ ಬಿಡುತ್ತಿರಲಿಲ್ಲ. ನಡುವೆ ತಮಿಳಿನವರು ಯಾರಾದರೂ ಕೂತಿದ್ದರೆ ಅವರಿಗೆ ಅದನ್ನೇ ತಮಿಳಿನಲ್ಲೂ ಹೇಳುತ್ತಿದ್ದರು. ನಮ್ಮ ಸೆಕ್ರೆಟರಿಯವರಂತೂ ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಂಡು, ಪುಕ್ಕಟೆಯಾಗಿ ಪ್ರಪಂಚದ ಸುದ್ದಿಯನ್ನೆಲ್ಲ ಕೇಳಿ, ಆಮೇಲೆ ನಮಗೆ ತಾವೇ ಓದಿದವರಂತೆ ಹೇಳುತ್ತಿದ್ದರು.

ಸೆಕ್ರೆಟರಿ ಯಳಂದೂರಿನವರು. ಅದೇನು ದೊಡ್ಡ ವಿಷಯ ಎನ್ನುತ್ತೀರಿ. ಯಳಂದೂರು ಮೊದಲಿನಿಂದ ಮೈಸೂರು ಸೀಮೆ. ಕೊಳ್ಳೇಗಾಲ ರಾಜ್ಯ ಒಂದಾಗುವವರೆಗೆ ಮದ್ರಾಸಿನ ಕಡೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಡುವೆ ಇರುವುದು ಹತ್ತಿರದ ದಾರಿ. ಅಷ್ಟಕ್ಕೇ ಸೆಕ್ರೆಟರಿಯವರು ಕನ್ನಡಕ್ಕೆ ತಾವೊಬ್ಬರೇ ವಾರಸುದಾರರು ಎಂದುಕೊಂಡಿದ್ದರು.

ಆಫೀಸಿನಲ್ಲಿ ಮದ್ರಾಸಿನ ಕಾಲದ ಇಂಗ್ಲಿಷ್ ಟೈಪ್‌ರೈಟರ್ ಒಂದಿತ್ತು. ಆನೆಯಂಥದು. ಹಾಳೆ ಹಿಡಿದು ಓಡುವ ಅದರ ಕ್ಯಾರೇಜ್ ಎಷ್ಟು ಉದ್ದವೆಂದರೆ ಗೆರೆ ಮುಗಿಯುವಾಗ ಅದು ಪಕ್ಕದ ಮೇಜಿನ ಮೇಲಿದ್ದ ಕಾಫಿ ಲೋಟವನ್ನು ಕೆಡವುತ್ತಿತ್ತು. ಹಾಳೆಯನ್ನು ಅಡ್ಡಡ್ಡ ಹಾಕಿದರೂ ನುಂಗಿಕೊಳ್ಳುತ್ತಿತ್ತು. ಅರವತ್ತರ ದಶಕದ ಕೊನೆಯ ಹೊತ್ತಿಗೆ ನಮಗೆ ಕನ್ನಡದ ಟೈಪ್‌ರೈಟರ್ ಬಂತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆಯುಧಪೂಜೆಯ ದಿನ ಅದಕ್ಕೆ ಸೇವಂತಿಗೆ ಹಾರ ಹಾಕಿ ಕುಂಕುಮ ಹಚ್ಚಿದೆವು. ಸೆಕ್ರೆಟರಿಯವರ ಭಕ್ತಿ ಹೆಚ್ಚಾಗಿ ಕುಂಕುಮ ಒಳಗಿನ ಕಡ್ಡಿಗಳಿಗೆ ಬಿದ್ದು, ಎಷ್ಟೋ ದಿನ ನಮ್ಮ ಕಾಗದಗಳಲ್ಲಿ 'ಳ' ಕೆಂಪಗೆ ಬರುತ್ತಿತ್ತು. ಮಿಷನ್ನು ಒಳ್ಳೆಯದೇ. ಕ್ಯಾರೇಜ್ ಮಾತ್ರ ಗಿಡ್ಡ. ಹಾಳೆಯನ್ನು ಉದ್ದುದ್ದ ಹಾಕಬಹುದು, ಅಡ್ಡ ಹಾಕಲಾಗದು. ಕಾಗದಪತ್ರಕ್ಕೆ ಅಷ್ಟು ಸಾಕು.

ಆಗ ಮೇಲಿನಿಂದ ಹುಕುಂ ಬಂತು. ಸಂಘದ ಮೊಹರು ಬೀಳುವ ಸೀರೆಗಳಿಗೆಲ್ಲ ಇನ್ನು ಮುಂದೆ ಒಂದೇ ಅಳತೆ ಇರಬೇಕು. ಯಾವ ನಮೂನೆಯ ಸೀರೆಗೆ ಎಷ್ಟು ಉದ್ದ, ಎಷ್ಟು ಪನ್ನ ಅಂದರೆ ಅಗಲ, ಉದ್ದಕ್ಕೆ ಹಾಸು ನೂಲು ಎಷ್ಟು ಎಳೆ, ಅಡ್ಡಕ್ಕೆ ಹೊಕ್ಕು ನೂಲು ಎಷ್ಟು, ಅಂಚು ಎಷ್ಟು ಅಗಲ, ಸೆರಗು ಎಷ್ಟು, ಜರಿ ಎಷ್ಟು, ತೂಕ ಎಷ್ಟು ಎಂಬುದನ್ನೆಲ್ಲ ಕನ್ನಡದಲ್ಲಿ ಪಟ್ಟಿ ಮಾಡಿ ಪ್ರತಿ ಮಗ್ಗದ ಬಳಿ ತೂಗುಹಾಕಬೇಕು. ಅಳತೆ ತಪ್ಪಿದರೆ ಸೀರೆ ವಾಪಸು. ದೊಡ್ಡ ತಪ್ಪಾದರೆ ನೇಕಾರನನ್ನು ಸಂಘದಿಂದಲೇ ತೆಗೆಯುವುದು. ಸಂಘದಿಂದ ತೆಗೆದರೆ ನೇಕಾರನಿಗೆ ಉಳಿಯುವುದು ಸಾಹುಕಾರರ ಮನೆಯ ಮಗ್ಗ. ತನ್ನ ಮನೆಯಲ್ಲಿ ತನ್ನ ಮಗ್ಗಕ್ಕೆ ಕೂತವನು ಇನ್ನೊಬ್ಬರ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡಬೇಕು.

ಇಂಥ ಪಟ್ಟಿಯನ್ನು ಯಾವುದರಲ್ಲಿ ಮಾಡುವುದು? ಪೇಟೆಯ ಪ್ರೆಸ್ಸಿಗೆ ಹೋಗಿ ಕೇಳಿದೆ. ಅವರ ಹತ್ತಿರ ಮದುವೆ ಕಾಗದಕ್ಕೆ ಬಳ್ಳಿ ಹೂವಿನ ಅಂಚು ಹಾಕುವ ಅಚ್ಚಿನ ಮೊಳೆಗಳಿದ್ದವು, ಇಷ್ಟೊಂದು ಚೌಕದ ಮನೆಗಳ ಪಟ್ಟಿಗೆ ಬೇಕಾದ ಗೆರೆಯ ಮೊಳೆಗಳು ಇರಲಿಲ್ಲ. ನಾನು ಯೋಚನೆ ಮಾಡಿ ಸೆಕ್ರೆಟರಿಯವರ ಮುಂದೆ ನಿಂತೆ.

"ಸಾ, ಈ ಪಟ್ಟಿ ನಮ್ಮ ಮಿಷನ್ನಲ್ಲಿ ಹಿಡಿಯಲ್ಲ. ಸ್ಟೆನ್ಸಿಲ್ ಮೇಣದ ಹಾಳೇನ ಅಡ್ಡ ಮಾಡ್ಕೊಂಡು, ಉಕ್ಕಿನ ಮೊನೆಯ ಪೆನ್ನಲ್ಲಿ ಕೈಯಲ್ಲೇ ಬರೀತೀನಿ. ಒಂದೇ ಹಾಳೆಗೆ ಬತ್ತದೆ. ಸೈಕ್ಲೋಸ್ಟೈಲಲ್ಲಿ ಪ್ರತಿ ತೆಗೆದು ಹಂಚಿದ್ರಾಯ್ತು."

"ಕೈಯಲ್ಲಾ?" ಎಂದರು, ನಾನು ಕಾಲಲ್ಲಿ ಬರೆಯುತ್ತೇನೆ ಎಂದೆನೋ ಎಂಬ ಹಾಗೆ. "ಪೂಜೆ ಮಾಡಿ ಮಿಷನ್ ಕೂರಿಸಿದ್ದೀವಿ. ಕೈಯಲ್ಲಿ ಬರೆದು ಕಳಿಸಿದ್ರೆ ಮೇಲಿನೋರು ಏನಂತಾರೆ? ಟೈಪಲ್ಲಿದ್ರೆ ತಾನೇ ಅದಕ್ಕೊಂದು ತೂಕ! ಎರಡು ಹಾಳೆ ಮಾಡಿ."

"ಎರಡು ಹಾಳೆ ಮಾಡಿದ್ರೆ ಎರಡನೇದ್ರಲ್ಲೂ ಸೀರೆ ಹೆಸರು ಹಾಕ್ಬೇಕು ಸಾ. ಇಲ್ದಿದ್ರೆ ಯಾವ ಸೀರೆಗೆ ಯಾವ ಅಳತೆ ಅಂತ ಗೊತ್ತಾಗೋದು ಹೆಂಗೆ?"

"ಒಂದ್ಸಲ ಬರೆದಿದ್ದನ್ನ ಇನ್ನೊಂದ್ಸಲ ಯಾಕಮ್ಮ ಬರೀಬೇಕು? ಜಾಗ ದಂಡ. ನಿಮಗೆ ಕನ್ನಡ ಮಿಷನ್ ಕಂಡ್ರೆ ಆಗಲ್ಲ, ಅಷ್ಟೇ. ಎಷ್ಟಾದ್ರೂ ನೀವು ಮದ್ರಾಸಿನ ಕಡೆಯೋರು."

ನನಗೆ ಹೇಗಾಗಿರಬೇಡ! ಮಧುವನಹಳ್ಳಿಯಲ್ಲಿ ನನ್ನ ಅವ್ವ ಕಟ್ಟು ಬಿಚ್ಚಿಕೊಂಡ ಎಮ್ಮೆಯನ್ನು ಅಟ್ಟಿಕೊಂಡು ಹೋಗುವಾಗ ಆಡುತ್ತಿದ್ದ ಕನ್ನಡವನ್ನು ಇವರಿಗೆ ಒಂದು ಸಲ ಕೇಳಿಸಬೇಕಿತ್ತು. ಆಮೇಲೆ ಯಾರು ಯಾವ ಕಡೆಯವರು ಎಂದು ಮಾತಾಡಬಹುದಿತ್ತು. ಆದರೆ ನೌಕರಿ ನೋಡಿ, ಹಲ್ಲು ಕಚ್ಚಿಕೊಂಡು ಮಿಷನ್ನಿನ ಮುಂದೆ ಕೂತೆ.

ಎರಡು ಹಾಳೆಯಲ್ಲೇ ಆದಷ್ಟು ಮಾನ ಉಳಿಸಲು ನೋಡಿದೆ. ಮೊದಲ ಹಾಳೆಯಲ್ಲಿ ಸೀರೆಯ ಹೆಸರು, ಉದ್ದ, ಪನ್ನ, ಎಳೆಗಳು. ಎರಡನೆಯದರಲ್ಲಿ ಅಂಚು, ಸೆರಗು, ಜರಿ, ತೂಕ. ಮೊದಲ ಹಾಳೆಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಸೀರೆಯ ಹೆಸರು 'ಬುಟ್ಟಾ ಮೈಯ ಜರಿ ಸೆರಗಿನ ದೊಡ್ಡಂಚಿನ ಸೀರೆ' ಎಂದು ಉದ್ದಕ್ಕೆ ಹರಿದು, ಒಂದೇ ಗೆರೆಯಲ್ಲಿ ಹಿಡಿಯದೆ ಎರಡು ಗೆರೆಯಾಯಿತು. ಅದರ ಕೆಳಗೆ ಮದುವೆ ಸೀರೆ, ಅದರ ಕೆಳಗೆ ದಿನಬಳಕೆಯ ಸಣ್ಣಂಚಿನ ಸೀರೆ. ಅದಕ್ಕೇ ಎರಡನೆಯ ಹಾಳೆಯಲ್ಲಿ ಮೊದಲ ಗೆರೆಯಾದ ಮೇಲೆ ಒಂದು ಗೆರೆ ಖಾಲಿ ಬಿಟ್ಟೆ. ಅಕ್ಕಪಕ್ಕ ಇಟ್ಟರೆ ಮದುವೆ ಸೀರೆಯ ಎದುರಿಗೆ ಮದುವೆ ಸೀರೆಯ ಅಂಚೇ ಬರುತ್ತಿತ್ತು. ಖಾಲಿ ಎಂದರೆ ಸುಮ್ಮನೆ ಬಿಟ್ಟಿದ್ದಲ್ಲ, ಅವ್ವನ ಚುಕ್ಕಿಯಂತೆ ಲೆಕ್ಕ ಹಾಕಿ ಬಿಟ್ಟಿದ್ದು.

ಸ್ಟೆನ್ಸಿಲ್ ಎರಡನ್ನೂ ಸೆಕ್ರೆಟರಿಯವರ ಕೈಗೆ ಕೊಟ್ಟ ಮಾರನೆಯ ದಿನವೇ ಹನೂರಿನಿಂದ ನನ್ನ ತಂಗಿಯ ಗಂಡ ಬಂದರು. ತಂಗಿಗೆ ಹೆರಿಗೆ ಕಷ್ಟವಾಗಿ ಕಾಮಗೆರೆಯ ಆಸ್ಪತ್ರೆಗೆ ಸೇರಿಸಿದ್ದರು. ರಜೆ ಬರೆದುಕೊಟ್ಟು ಓಡಿದೆ. ಮಗು ಚೆನ್ನಾಗಿತ್ತು, ತಾಯಿ ಸುಧಾರಿಸಿಕೊಳ್ಳಲು ಬಹಳ ದಿನ ಬೇಕಾಯಿತು. ಹನೂರಿನಲ್ಲಿ ಬಾಣಂತನ ಮುಗಿಸಿ ನಾನು ಕೊಳ್ಳೇಗಾಲದ ಬಸ್ಸು ಇಳಿಯುವ ಹೊತ್ತಿಗೆ ಹೊಸ ಅಳತೆಯ ಸೀರೆಗಳು ಮಗ್ಗದಿಂದ ಇಳಿದಿದ್ದವು. ಮೇಲಿನಿಂದ ಬಂದ ಇನ್‌ಸ್ಪೆಕ್ಟರು ಆಫೀಸಿನ ಪಡಸಾಲೆಯಲ್ಲಿ ಟೇಪು ಹಿಡಿದು ಕೂತಿದ್ದರು. ಬೀದಿಯೆಲ್ಲ ಅಲ್ಲೇ ನೆರೆದಿತ್ತು. ನಾನು ಕೈಚೀಲದ ಸಮೇತ ಅಲ್ಲಿಗೇ ಹೋದೆ.

ರಂಗಯ್ಯಣ್ಣನ ಸರದಿ. ಅವರು ನೇಯ್ದಿದ್ದು ಮದುವೆ ಸೀರೆಗಳು. ಬಿಡಿಸಿ ಹಾಸಿದರೆ ಕಣ್ಣು ಕೋರೈಸುವ ಅರಿಶಿನದ ಬಣ್ಣ. ಇನ್‌ಸ್ಪೆಕ್ಟರು ಟೇಪನ್ನು ಅಂಚಿಗಿಟ್ಟು, "ಏನಯ್ಯಾ ಇದು? ಮದುವೆ ಸೀರೆಗೆ ಇಷ್ಟೇನಾ ಅಂಚು? ಎಲ್ಲಾ ವಾಪಸು. ಅಂಚಿನಲ್ಲೇ ಇಷ್ಟು ಮೋಸ ಮಾಡೋನು ಸಂಘದಲ್ಲಿ ಯಾಕಿರಬೇಕು?" ಎಂದರು.

"ಸಾ, ಕಾಗ್ದದಲ್ಲಿ ಎಂಗೈತೋ ಅಂಗೇ ನೇಯ್ದಿವ್ನಿ ಸಾ."

"ಕಾಗದದಲ್ಲಿ ಹಾಗಿಲ್ಲ," ಎಂದು ಇನ್‌ಸ್ಪೆಕ್ಟರು ಮೇಲಿನಿಂದ ತಂದಿದ್ದ ಮೂಲ ಹುಕುಮನ್ನು ತಟ್ಟಿದರು. "ಓದೋಕೆ ಬರಲ್ವೇನಯ್ಯಾ ನಿನಗೆ?"

ದಿನಾ ಅವರ ಬಾಯಿಂದಲೇ ಪ್ರಪಂಚವನ್ನು ಕೇಳಿದವರು ತಲೆ ತಗ್ಗಿಸಿ ನಿಂತರು. ರಂಗಯ್ಯಣ್ಣನ ಕಿವಿಗಳು ಕೆಂಪಾದವು. ಸೀರೆಗಳನ್ನು ಮಡಿಸಲು ಶುರು ಮಾಡಿದರು. ಸೆಕ್ರೆಟರಿಯವರು, ಅದೇ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ ಮಹಾನುಭಾವರು, ಸೀಲಿಂಗ್ ನೋಡುತ್ತಿದ್ದರು.

ನಾನು ಮೇಜಿನ ಮೇಲಿದ್ದ ನಮ್ಮ ಸಂಘದ ಪಟ್ಟಿಯನ್ನು ಎತ್ತಿ ನೋಡಿದೆ. ಎರಡನೆಯ ಹಾಳೆ ನನ್ನದಲ್ಲ. ನಾನು ಬಿಟ್ಟ ಖಾಲಿ ಗೆರೆ ಮಾಯವಾಗಿ, ಗೆರೆಗಳೆಲ್ಲ ಒಂದರ ಮೇಲೊಂದು ಹತ್ತಿ ಕೂತಿದ್ದವು.

"ಸಾ, ಇಲ್ಲಿ ಖಾಲಿ ಬಿಟ್ಟಿದ್ನಲ್ಲ?"

"ಅದಾ? ಸ್ಟೆನ್ಸಿಲ್ ಹರಿದುಹೋಯ್ತಮ್ಮ. ನಾನೇ ಕೂತು ಇನ್ನೊಂದು ಹೊಡೆದೆ. ನಡುವೆ ಹಲ್ಲುದುರಿದ ಬಾಯಿ ಥರ ಕಾಣ್ತಿತ್ತು, ಒತ್ತಾಗಿ ಕೂರಿಸಿದೆ. ಈಗ ಎಷ್ಟು ಲಕ್ಷಣವಾಗಿದೆ ನೋಡಿ!"

ಲಕ್ಷಣವಂತೆ! ನನ್ನ ಕೈಚೀಲ ಅಲ್ಲೇ ಬಿತ್ತು. ಬೀದಿ ದಾಟಿ ರಂಗಯ್ಯಣ್ಣನ ಮನೆಯೊಳಕ್ಕೆ ಹೋದೆ. ಮಗ್ಗದ ಎದುರಿನ ಗೋಡೆಯ ಮೇಲೆ ಎರಡು ಹಾಳೆಗಳೂ ಅಕ್ಕಪಕ್ಕ, ಒಂದು ಕೂದಲೆಳೆಯಷ್ಟೂ ಏರುಪೇರಿಲ್ಲದೆ ಮೊಳೆ ಹೊಡೆಸಿಕೊಂಡಿದ್ದವು. ಅವುಗಳ ಅಡ್ಡಕ್ಕೆ, ಈ ಮೊಳೆಯಿಂದ ಆ ಮೊಳೆಗೆ, ಒಂದು ಕೆಂಪು ರೇಷ್ಮೆ ಎಳೆಯನ್ನು ಬಿಗಿಯಾಗಿ ಕಟ್ಟಿದ್ದರು. ನೇಕಾರನಲ್ಲವೇ! ಗೆರೆ ನೇರವಾಗಿದೆಯೇ ಎಂದು ನೋಡಲು ನಾವು ಬೆರಳಿಟ್ಟರೆ ಅವರು ಎಳೆ ಎಳೆಯುತ್ತಾರೆ. ಎಳೆ ಸುಳ್ಳು ಹೇಳಿರಲಿಲ್ಲ. 'ಮದುವೆ ಸೀರೆ' ಎಂಬಲ್ಲಿಂದ ಹೊರಟು, ನೆಟ್ಟಗೆ ಹೋಗಿ, ದಿನಬಳಕೆಯ ಸೀರೆಯ ಅಂಚಿನ ಮೇಲೆ ನಿಂತಿತ್ತು.

ರಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ನಾನೇ ಕೇಳ್ದೆ ಕಣವ್ವ, ಮದ್ವೆ ಸೀರೆಗೆ ಇಷ್ಟ್ ಸಣ್ಣಂಚಾ ಅಂತ. ಒಸ ಅಳತೆ ಅಂಗೈತೆ, ಸುಮ್ಕಿರು ಅಂದ್ರು. ನೀನಿಲ್ದಾಗ ಪಕ್ಕದ್ಮನೆಯೋರು ಅಳೇ ಪದ್ಧತಿಲೇ ನೇಯ್ದು ಸೀರೆ ವಾಪಸ್ ಬಂದಿರ್ನಿಲ್ವಾ? ಅದ್ಕೇ ಎದ್ರುಕೊಂಡು, ದಿನಾ ಮಗ್ಗಕ್ಕೆ ಕೂರೋಕ್ ಮುಂಚೆ ಎಳೆ ನೋಡೇ ಕೂರೋರು" ಎಂದರು.

ನಾನು ಬಾಗಿಲಿಗೆ ಬಂದು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಅವ್ವನ ಎಮ್ಮೆಯ ಕನ್ನಡ ನನ್ನ ಬಾಯಲ್ಲಿ ಅವತ್ತೇ ಮೊದಲು ಬಂದಿದ್ದು ಎಂದು ನಂತರ ಬೀದಿಯವರು ಹೇಳಿದರು. ಇನ್‌ಸ್ಪೆಕ್ಟರು ಎದ್ದು ಬಂದರು, ಹಿಂದೆ ಸೆಕ್ರೆಟರಿ.

"ಸಾ, ಈ ಎಳೆ ಹಿಡ್ಕೊಂಡು ನೀವೇ ಓದಿ. ಮದುವೆ ಸೀರೆಗೆ ಅಂಚು ಎಷ್ಟು?"

ಇನ್‌ಸ್ಪೆಕ್ಟರು ಕನ್ನಡಕ ಸರಿಮಾಡಿಕೊಂಡು, ಎಳೆಯ ಜೊತೆ ಕಣ್ಣು ಓಡಿಸಿ, ಗಟ್ಟಿಯಾಗಿ ಓದಿದರು. ಅವರು ಓದಿದ್ದು ಸಣ್ಣಂಚಿನ ಅಳತೆ. ಆಮೇಲೆ ಏನು ಹೇಳಿದರು ಗೊತ್ತೇ? "ಇದರ ಮೇಲೆ ದಾರ ಕಟ್ಟೋಕೆ ಯಾರು ಹೇಳಿದ್ದು?"

ಹೇಗಿದೆ! ಪಟ್ಟಿ ಮಾಡಿದವರದು ತಪ್ಪಲ್ಲ, ಪಟ್ಟಿಯನ್ನು ನೆಟ್ಟಗೆ ಓದಿದವನದು ತಪ್ಪು. ಇವತ್ತಿಗೂ ಆ ಮಾತು ನೆನಪಾದರೆ ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕುತ್ತೇನೆ.

ಕೊನೆಗೆ ಸೀರೆಗಳಿಗೆ ಮೊಹರು ಬಿತ್ತು. ರಂಗಯ್ಯಣ್ಣನ ಹೆಸರು ಸಂಘದಲ್ಲೇ ಉಳಿಯಿತು. "ಈ ಸಲ ಬಿಟ್ಟಿದ್ದೀನಿ" ಎಂದು ಇನ್‌ಸ್ಪೆಕ್ಟರು ಉಪಕಾರ ಮಾಡಿದವರಂತೆ ಹೇಳಿ ಜೀಪು ಹತ್ತಿದರು. "ನಾನು ಹೇಳಿದ್ದಕ್ಕೆ ಬಿಟ್ರು" ಎಂದು ಸೆಕ್ರೆಟರಿಯವರು ಬೀದಿಯಲ್ಲಿ ಹೇಳಿಕೊಂಡು ತಿರುಗಿದರು. ಓದಲು ಬರುವುದಿಲ್ಲ ಎಂದ ಮಾತನ್ನು ಮಾತ್ರ ಯಾರೂ ವಾಪಸು ತೆಗೆದುಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಜಗಲಿ ಖಾಲಿ ಇತ್ತು. ಪೇಪರಿನವನು ಎಸೆದ ಪೇಪರು ಮಡಿಕೆ ಬಿಚ್ಚದೆ ಬಿದ್ದಿತ್ತು. ಅದರ ಮಾರನೆಯ ದಿನವೂ ಅಷ್ಟೇ. ಜನ ಬಂದು, ನಿಂತು, ಹೋದರು. ಸೆಕ್ರೆಟರಿಯವರು ಕಿಟಕಿಯ ಬಳಿ ಕೂತು, "ಏನೋ ಬೆಳಿಗ್ಗೆ ಬೆಳಿಗ್ಗೆ ಬೇಜಾರು" ಎಂದು ಆಕಳಿಸಿದರು. ನಾನು ಹೋಗಿ ಕೇಳಿದೆ, "ಯಾಕಣ್ಣ, ಪೇಪರ್ ಓದಲ್ವಾ?"

ಲಾಳಿ ನಿಲ್ಲಿಸದೆ ರಂಗಯ್ಯಣ್ಣ ಹೇಳಿದರು, "ಓದಕ್ಕೆ ಬರ್ದೋನು ಏನೋದ್ಲಿ ಕಣವ್ವಾ."

ನೇರವಾಗಿ ಆಫೀಸಿಗೆ ಬಂದು, ಹಾರ ಹಾಕಿಸಿಕೊಂಡ ಮಿಷನ್ನಿನ ಮೇಲೆ ಮುಸುಕು ಹಾಕಿದೆ. ಸ್ಟೆನ್ಸಿಲ್ಲನ್ನು ಅಡ್ಡ ಮಾಡಿ ಹಲಗೆಯ ಮೇಲೆ ಹರಡಿದೆ. ಸೆಕ್ರೆಟರಿ ಕತ್ತು ಚಾಚಿ, "ಕೈಯಲ್ಲಿ ಬರೆಯೋಕೆ ಯಾರಮ್ಮ ಹೇಳಿದ್ದು?" ಎಂದರು.

"ಯಾರೂ ಹೇಳಿಲ್ಲ ಸಾ. ದಾರ ಕಟ್ಟೋಕೂ ಯಾರೂ ಹೇಳಿರ್ನಿಲ್ಲ" ಎಂದೆ. ಅವರು ಚಾಚಿದ ಕತ್ತನ್ನು ಒಳಕ್ಕೆ ಎಳೆದುಕೊಂಡರು.

ಮೊದಲು ಚುಕ್ಕಿ ಇಟ್ಟೆ. ಎಲ್ಲಿ ಖಾಲಿ ಎಂದು ಗೊತ್ತು ಮಾಡಿಕೊಂಡೆ. ಆಮೇಲೆ ಗೆರೆ, ಆಮೇಲೆ ಅಕ್ಷರ. ಇಡೀ ಪಟ್ಟಿ ಒಂದೇ ಹಾಳೆಯಲ್ಲಿ ಕಾಲು ಚಾಚಿಕೊಂಡು ಕೂತಿತು. ಕೈಬರಹ ಮುತ್ತಿನಂತೆ ಇತ್ತು ಎಂದು ಹೇಳಿಕೊಳ್ಳುವಷ್ಟು ಜಂಬ ನನಗೆ ಈಗಿಲ್ಲ, ಆದರೆ ಇತ್ತು. ಶಾಯಿ ಆರುವ ಮುಂಚೆಯೇ ಮೊದಲ ಪ್ರತಿಯನ್ನು ಎತ್ತಿಕೊಂಡು ಜಗಲಿಗೆ ಹೋದೆ. ಆಗಲೇ ಬೀದಿಯವರು ಒಬ್ಬೊಬ್ಬರಾಗಿ ಸೇರಿದ್ದರು.

"ರಂಗಯ್ಯಣ್ಣ, ಆಚೆ ಬನ್ನಿ. ಇದನ್ನ ಎಲ್ಲರಿಗೂ ಹಂಚೋಕೆ ಮುಂಚೆ ಸರಿಯಾಗೈತಾ ಅಂತ ಒಬ್ರು ಓದಿ ನೋಡ್ಬೇಕು. ನೀವೇ ಓದ್ಬೇಕು. ಗಟ್ಟಿಯಾಗಿ."

"ಬ್ಯಾಡ ಬುಡವ್ವ. ಬ್ಯಾರೆ ಯಾರ್ಗಾರಾ ಕೊಡು."

"ಬೇರೆ ಯಾರ ಓದೂ ನಂಗೆ ಬೇಡ. ನೀವು ಓದೋ ತನಕ ನಾನು ಈ ಜಗಲಿ ಬಿಟ್ಟು ಏಳಲ್ಲ" ಎಂದು ಕೂತೇಬಿಟ್ಟೆ. ರಾಜಮ್ಮ ಒಳಗಿನಿಂದ ಕೂಗಿದರು, "ಓದಿ ಅತ್ಲಾಗೆ! ಆ ಎಣ್ಮಗಳು ಎಷ್ಟೊತ್ತು ಕೂತಿರ್ತದೆ?"

ರಂಗಯ್ಯಣ್ಣ ಬಂದರು. ಹಾಳೆಯನ್ನು ತೆಗೆದುಕೊಂಡು, ಕಿವಿಯ ಸಂದಿಯಲ್ಲಿ ಸಿಕ್ಕಿಸಿಕೊಂಡಿದ್ದ ಕೆಂಪು ಎಳೆಯನ್ನು ತೆಗೆದು ಎರಡು ಹೆಬ್ಬೆರಳಿನಡಿ ಹಾಳೆಯ ಅಡ್ಡಕ್ಕೆ ಬಿಗಿದರು. ಗಂಟಲು ಸರಿಮಾಡಿಕೊಂಡು ಓದತೊಡಗಿದರು. ಮೊದಲ ಗೆರೆಗೆ ದನಿ ಏಳಲಿಲ್ಲ. ಎರಡನೆಯದಕ್ಕೆ ಬರುವಾಗ ಹಳೆಯ ಪೇಪರಿನ ಸ್ವರ ಬಂತು. "ಮದುವೆ ಸೀರೆ," ಎಂದು ಓದಿ, ಉದ್ದ ಹೇಳಿ, ಪನ್ನ ಹೇಳಿ, ಎಳೆ ಹೇಳಿ, ಅಂಚಿಗೆ ಬಂದು ನಿಂತರು. ಎಳೆಯನ್ನು ಇನ್ನೊಂದು ಸಲ ಬಿಗಿದು ನೋಡಿದರು. ಅಂಚು ಅಗಲದ್ದೇ, ಮದುವೆ ಸೀರೆಯದೇ. ಅದನ್ನು ಗಟ್ಟಿಯಾಗಿ ಹೇಳಿದರು.

ಆಮೇಲೆ ಮೂರನೆಯ ಗೆರೆಗೆ ಹೋಗಲಿಲ್ಲ. ಮೈ ತಿರುಗಿಸಿ, ಆಫೀಸಿನ ಕಿಟಕಿಯ ಕಡೆ ಮುಖ ಮಾಡಿ, ಮದುವೆ ಸೀರೆಯನ್ನು ಮೊದಲಿನಿಂದ ಇನ್ನೊಂದು ಸಲ ಓದಿದರು, ಇನ್ನಷ್ಟು ಜೋರಾಗಿ.

ಸೆಕ್ರೆಟರಿಯವರು ಎದ್ದು ಕಿಟಕಿ ಹಾಕಿಕೊಂಡರು.

ರಂಗಯ್ಯಣ್ಣ ಮೂರನೆಯ ಸಲ ಓದಿದರು.